ಊಟಕ್ಕೆ ಕೂತಲ್ಲೇ ಗಡಿ ದಾಟಿದವರು: ವರ್ಕಾಡಿಯ ಒಂದು ಪ್ರಕರಣ

ಸೋಣ ತಿಂಗಳು ಹುಟ್ಟಿದ ದಿನ, 2020ರ ಆಗಸ್ಟ್ 17ರ ಬೆಳಗ್ಗೆ, ಮಾವನ ಫೋನ್ ಬಂತು. ಅವರಿಗೆ ಕೊರೊನಾ ಪಾಸಿಟಿವ್ ಆಗಿ ಮೂರು ದಿನವಾಗಿತ್ತು. ಒಂದು ಶಾಲೆಯಲ್ಲಿ ಮಾಡಿದ್ದ ಸಿಎಫ್‌ಎಲ್‌ಟಿಸಿಯಲ್ಲಿ, ಎಂದರೆ ಮೊದಲ ಹಂತದ ಚಿಕಿತ್ಸಾ ಕೇಂದ್ರದಲ್ಲಿ ಮಲಗಿದ್ದರು. ಜ್ವರದ ಸುದ್ದಿ ಇರಬೇಕೆಂದು ಎತ್ತಿದೆ.

"ಮಾಣಿ, ನಾನು ಕರ್ನಾಟಕಕ್ಕೆ ಹೋಗಿದ್ದೇನಂತೆ."

"ಯಾವಾಗ?"

"ಅದನ್ನೇ ನಾನೂ ಕೇಳಿದ್ದು. ನಾಲ್ಕು ದಿನ ಹೋಗಿ ಬಂದಿದ್ದೇನಂತೆ. ಸ್ಟೇಷನ್ನಿಂದ ಫೋನ್ ಬಂದಿತ್ತು. ಹೆಲ್ತಿನವರಿಗೆ ಸುಳ್ಳು ಹೇಳಿದ್ದೀರಿ, ಕೇಸು ಹಾಕ್ತೇವೆ ಅಂತಾರೆ. ನಾನೆಂತ ಮಾಡುದು ಈಗ?"

ಮಾವ ಎಂದರೆ ನನ್ನ ಅಪ್ಪನ ತಂಗಿಯ ಗಂಡ. ಹೆಸರು ಬೇಡ. ಕೇರಳದ ಕಾಸರಗೋಡು ಜಿಲ್ಲೆಯ ವರ್ಕಾಡಿ ಪಂಚಾಯತಿನ ಗಡಿಯ ಮೂಲೆಯಲ್ಲಿ ಮನೆ, ಒಂದಿಷ್ಟು ಅಡಕೆ, ಎರಡು ದನ. ಅಂಗಳದ ತುದಿಯಲ್ಲಿ ನಿಂತರೆ ಎದುರಿನ ಗುಡ್ಡ ಕಾಣುತ್ತದೆ, ಆ ಗುಡ್ಡ ಕರ್ನಾಟಕದ್ದು. ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸಿನವರೆಗೆ ಓದಿದವರು. ಮಲಯಾಳ ಸಲೀಸಾಗಿ ಮಾತಾಡುತ್ತಾರೆ, ಓದಲಿಕ್ಕೆ ಬರುವುದಿಲ್ಲ. ಈ ಕೊನೆಯ ಸಂಗತಿ ಮುಂದೆ ಬೇಕಾಗುತ್ತದೆ.

ಆ ದಿನಗಳಲ್ಲಿ ನಮ್ಮ ಕಡೆ "ಕರ್ನಾಟಕಕ್ಕೆ ಹೋಗಿದ್ದೀರಿ" ಎಂಬುದು ಸಣ್ಣ ಮಾತಾಗಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಕರ್ನಾಟಕದವರು ಹೆದ್ದಾರಿಯ ತಲಪಾಡಿಯಲ್ಲಷ್ಟೇ ಅಲ್ಲ, ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ದೇರಳಕಟ್ಟೆಯ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ರೋಗಿಗಳು ದಾರಿ ಸಿಗದೆ ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ದಾರಿ ತೆರೆಸಿ ಎಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಗಸ್ಟ್ ಹೊತ್ತಿಗೆ ಸ್ವಲ್ಪ ಸಡಿಲವಾಗಿದ್ದರೂ ಪಾಸಿಲ್ಲದೆ ಆಚೆ ಹೋಗಿ ಬಂದವನೆಂದರೆ ಊರಿಗೆ ರೋಗ ತಂದವನು ಎಂದೇ ಲೆಕ್ಕ. ಕಾನೂನಿನ ಲೆಕ್ಕವೂ ಇತ್ತು. ಕೇರಳ ಸಾಂಕ್ರಾಮಿಕ ರೋಗಗಳ ಸುಗ್ರೀವಾಜ್ಞೆ, 2020ರ ಪ್ರಕಾರ ನಿಯಮ ಮೀರಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ.

ಮಾವ ಹೋಗಿರಲಿಲ್ಲ. ನನಗೆ ಅದು ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು, ಹಾಲಿನ ಸೊಸೈಟಿಯವರಿಗೆ ಗೊತ್ತಿತ್ತು. ಹೋಗಿದ್ದು ಅವರ ಫೋನು. ಅದೂ ಮನೆ ಬಿಟ್ಟು ಕದಲದೆ.

ಎಕ್ಸೆಲ್ ಶೀಟಿನ ಫೋಟೋ

ಮರುದಿನ ನಾನು ಸ್ಟೇಷನ್ನಿಗೆ ಹೋದೆ. ಕಾಸರಗೋಡು ವಿದ್ಯಾನಗರದ ಕೋರ್ಟಿನಲ್ಲಿ ವಕೀಲಿ ಮಾಡುವವನಾದ್ದರಿಂದ ಒಳಗೆ ಕೂರಿಸಿದರು, ಕಿಟಕಿಯ ಹತ್ತಿರ, ದೂರದಲ್ಲಿ. ಆ ಸ್ಟೇಷನ್ ಯಾವುದು ಎಂದು ಹೇಳುವುದಿಲ್ಲ. ಅಲ್ಲಿಯವರು ಕೆಟ್ಟವರೂ ಆಗಿರಲಿಲ್ಲ. ಐದು ತಿಂಗಳಿಂದ ಬ್ಯಾರಿಕೇಡಿನ ಹತ್ತಿರ ಮಳೆಯಲ್ಲಿ ನೆನೆಯುತ್ತಿದ್ದ ಜನ. ರೈಟರ್ ತನ್ನ ಮೊಬೈಲ್ ತೆಗೆದು ನನ್ನ ಕಡೆ ತಿರುಗಿಸಿ ಹಿಡಿದರು. ಅದರಲ್ಲಿದ್ದದ್ದು ಒಂದು ಎಕ್ಸೆಲ್ ಶೀಟಿನ ಫೋಟೋ. ಕಂಪ್ಯೂಟರಿನ ಪರದೆಯದ್ದೇ ಫೋಟೋ, ಮೇಲಿನ ಮೂಲೆಯಲ್ಲಿ ಟ್ಯೂಬ್‌ಲೈಟಿನ ಹೊಳಪು ಸಮೇತ.

ಐದು ಕಾಲಮ್ ಇದ್ದವು. ದಿನಾಂಕ, ಸಮಯ, ಟವರನ್ನು ಗುರುತಿಸುವ ಸೆಲ್ ಐಡಿ ಎಂಬ ಉದ್ದದ ಅಂಕಿ, ಟವರಿನ ವಿಳಾಸ, ಸರ್ಕಲ್. ಕೊನೆಯ ಕಾಲಮಿನಲ್ಲಿ ಹೆಚ್ಚಿನ ಕಡೆ ಕೇರಳ, ಅಲ್ಲಲ್ಲಿ ಕರ್ನಾಟಕ. ಕರ್ನಾಟಕ ಎಂದಿದ್ದ ಸಾಲುಗಳಿಗೆ ಯಾರೋ ಹಳದಿ ಬಳಿದಿದ್ದರು.

"ನೋಡಿ ವಕೀಲರೇ, ಇದು ನಾವು ಬರೆದದ್ದಲ್ಲ, ಕಂಪನಿ ಕೊಟ್ಟದ್ದು" ಎಂದರು ಮಲಯಾಳದಲ್ಲಿ. ಕಂಪನಿ ಕೊಟ್ಟದ್ದು ಎಂದ ಮೇಲೆ ಅದು ದೇವರ ವಾಕ್ಯ.

ಒಂದು ಪ್ರತಿ ಕೊಡಿ ಎಂದೆ. ಕೊಡುವ ಹಾಗಿಲ್ಲ ಎಂದರು. ಬರೆದುಕೊಳ್ಳಬಹುದಾ ಎಂದರೆ ಅವರು ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ಮೊಬೈಲ್ ಮೇಜಿನ ಮೇಲಿಟ್ಟು ಚಾಯ ಕುಡಿಯಲು ಎದ್ದರು. ಪರದೆ ಆರದ ಹಾಗೆ ಬೆರಳಾಡಿಸುತ್ತ, ಜೇಬಿನಲ್ಲಿದ್ದ ಮೆಡಿಕಲ್ ಶಾಪಿನ ರಶೀದಿಯ ಹಿಂಬದಿಯಲ್ಲಿ ಎಷ್ಟು ಹಿಡಿಯಿತೋ ಅಷ್ಟು ಸಾಲು ಬರೆದುಕೊಂಡೆ. ಅದರಲ್ಲಿ ಮೂರು ಸಾಲು ಹೀಗಿದ್ದವು:

ಆಗಸ್ಟ್ 6, ರಾತ್ರಿ 8:12, ಕೇರಳ.
ಆಗಸ್ಟ್ 6, ರಾತ್ರಿ 8:16, ಕರ್ನಾಟಕ.
ಆಗಸ್ಟ್ 6, ರಾತ್ರಿ 8:31, ಕೇರಳ.

ಹಳದಿ ಬಳಿದವರು ನಡುವಿನ ಸಾಲನ್ನು ಮಾತ್ರ ನೋಡಿದ್ದರು. ಅದರ ಮೇಲಿನದ್ದನ್ನೂ ಕೆಳಗಿನದ್ದನ್ನೂ ಸೇರಿಸಿ ಓದಿದರೆ, 60 ದಾಟಿದ, ಮಂಡಿನೋವಿನ ಮನುಷ್ಯನೊಬ್ಬ ನಾಲ್ಕು ನಿಮಿಷದಲ್ಲಿ ಗುಡ್ಡ ಇಳಿದು, ತೋಡು ದಾಟಿ, ಬೇರೆ ರಾಜ್ಯ ಸೇರಿ, ಹದಿನೈದು ನಿಮಿಷದಲ್ಲಿ ವಾಪಸ್ ಬಂದನೆಂದಾಗುತ್ತದೆ. ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ಗುಡ್ಡ ಕುಸಿದ ರಾತ್ರಿ ಅದು. ಇಲ್ಲೂ ಮಳೆ ಬಿಟ್ಟಿರಲಿಲ್ಲ.

ಟವರ್ ಎಲ್ಲಿಯದೋ, ಮನುಷ್ಯ ಎಲ್ಲಿಯವನೋ

ಇದು ಹೇಗಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ಫೋನಿಗೆ ರಾಜ್ಯ ಗೊತ್ತಿಲ್ಲ. ಸುತ್ತಲಿನ ಟವರುಗಳಲ್ಲಿ ತನ್ನ ಜಾಲಕ್ಕೆ ಸೇರಿದ್ದು, ಜೋರಾಗಿ ಕೇಳಿಸುವುದು ಯಾವುದೋ ಅದಕ್ಕೆ ಅಂಟಿಕೊಳ್ಳುತ್ತದೆ. ಟವರ್ ಹತ್ತಿರದ್ದೇ ಆಗಬೇಕೆಂದಿಲ್ಲ. ಹಳೆಯ 2ಜಿ ತಂತ್ರಜ್ಞಾನದಲ್ಲಿ ಒಂದು ಟವರ್ ಲೆಕ್ಕಕ್ಕೆ 35 ಕಿಲೋಮೀಟರಿನವರೆಗಿನ ಫೋನನ್ನೂ ಹಿಡಿದಿಡಬಲ್ಲುದು. ನಮ್ಮ ಗುಡ್ಡ-ಬಯಲಿನ ಸೀಮೆಯಲ್ಲಿ ಹಿತ್ತಿಲಿನಾಚೆಯ ಟವರಿಗೆ ಗುಡ್ಡ ಅಡ್ಡ ಬಂದು, ಮೂರು ಮೈಲಿ ದೂರದ ಎದುರು ಗುಡ್ಡದ್ದು ನೇರ ಕಾಣುವುದು ಮಾಮೂಲು. ಇನ್ನು ಸರ್ಕಲ್ ಎಂಬುದು ದೂರಸಂಪರ್ಕ ಇಲಾಖೆ ಪರವಾನಗಿಗಾಗಿ ದೇಶವನ್ನು 22 ಭಾಗ ಮಾಡಿದ್ದು. ಕೇರಳ ಒಂದು, ಕರ್ನಾಟಕ ಒಂದು. ಆಚೆ ಗುಡ್ಡದ ಟವರಿಗೆ ಅಂಟಿದ ಫೋನು ದಾಖಲೆಯಲ್ಲಿ ಕರ್ನಾಟಕದಲ್ಲಿ ರೋಮಿಂಗ್.

ಗಡಿಯ ಜನಕ್ಕೆ ಇದು ಹೊಸತಲ್ಲ. ರೋಮಿಂಗಿಗೆ ದುಡ್ಡು ಹಿಡಿಯುತ್ತಿದ್ದ ಕಾಲದಲ್ಲಿ ಮಾವನಿಗೆ ಮನೆಯ ಯಾವ ಮೂಲೆ ಯಾವ ರಾಜ್ಯ ಎಂದು ಬಾಯಿಪಾಠವಿತ್ತು. ಚಾವಡಿ ಕೇರಳ. ದನದ ಹಟ್ಟಿ ಕರ್ನಾಟಕ. ಬಾವಿಕಟ್ಟೆಯಲ್ಲಿ ನಿಂತರೆ ಎರಡೂ. ಬ್ಯಾಲೆನ್ಸ್ ಉಳಿಸಲು ಚಾವಡಿಗೆ ಓಡಿ ಬಂದು ಫೋನ್ ಎತ್ತುತ್ತಿದ್ದರು. 2017ರ ಆಸುಪಾಸಿನಲ್ಲಿ ಕಂಪನಿಗಳು ರೋಮಿಂಗ್ ಶುಲ್ಕ ತೆಗೆದ ಮೇಲೆ ಈ ಭೂಗೋಳ ಎಲ್ಲರಿಗೂ ಮರೆತುಹೋಯಿತು. ಜೇಬಿಗೆ ಕತ್ತರಿ ಬೀಳದಿದ್ದರೆ ಯಾರು ನೋಡುತ್ತಾರೆ? ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಜಾರಿಗೆ ಬರಲೇ ಇಲ್ಲ. ನಮ್ಮೂರಿನ ಫೋನುಗಳು ಮಾತ್ರ ಮಳೆಗಾಲದಲ್ಲಿ ಅದನ್ನು ಆಗಾಗ ಜಾರಿ ಮಾಡುತ್ತವೆ.

ಮಳೆಗಾಲದಲ್ಲೇ ಏಕೆ ಎಂಬುದಕ್ಕೂ ಕಾರಣವಿತ್ತು. ಟವರುಗಳಲ್ಲಿ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬನನ್ನು ಕೇಳಿದೆ. ಅವನು ನಕ್ಕ. "ಅಣ್ಣಾ, ಕರೆಂಟ್ ಹೋದ್ರೆ ನಮ್ಮ ಟವರ್ ಬ್ಯಾಟರಿಯಲ್ಲಿ ಓಡ್ತದೆ. ಅಲ್ಲಿನ ಬ್ಯಾಟರಿ ಸತ್ತು ಎಷ್ಟು ಕಾಲ ಆಯ್ತು! ಡೀಸೆಲ್ ಹಾಕ್ಲಿಕ್ಕೆ ಲಾಕ್‌ಡೌನಲ್ಲಿ ಯಾರು ಬರ್ತಾರೆ?" ಆಗಸ್ಟ್ ಮೊದಲ ವಾರದ ಗಾಳಿಮಳೆಗೆ ಕಂಬ ಬಿದ್ದು ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಪ್ರತಿ ಸಲ ಕರೆಂಟ್ ಹೋದಾಗಲೂ ಸುತ್ತಲಿನ ಮನೆಗಳ ಫೋನುಗಳೆಲ್ಲ ಗುಂಪಾಗಿ ಕರ್ನಾಟಕಕ್ಕೆ ಹೋಗಿ ಬಂದಿವೆ. ಪಾಸಿಟಿವ್ ಆಗಿದ್ದು ಮಾವ ಒಬ್ಬರು. ಹಾಗಾಗಿ ಸಿಕ್ಕಿಬಿದ್ದದ್ದೂ ಅವರೊಬ್ಬರೇ.

ಇದನ್ನೆಲ್ಲ ತೋರಿಸಲು ನಮ್ಮ ಕೈಯಲ್ಲಿ ಇದ್ದದ್ದೇನು? ಪೊಲೀಸರ ಶೀಟು ನಮಗೆ ಸಿಗುವುದಿಲ್ಲ. ಗ್ರಾಹಕನೇ ಕಂಪನಿಯನ್ನು ಕೇಳಿ ಪಡೆಯಬಹುದಾದ ಬಿಲ್ಲಿನಲ್ಲಿ ಯಾರಿಗೆ ಎಷ್ಟು ಹೊತ್ತು ಮಾತಾಡಿದಿರಿ ಎಂದಿರುತ್ತದೆ, ಸೆಲ್ ಐಡಿ ಇರುವುದಿಲ್ಲ. ನಮ್ಮ ಓಡಾಟದ ಲೆಕ್ಕ ನಮ್ಮನ್ನು ಬಿಟ್ಟು ಉಳಿದವರಿಗೆ ಸಿಗುತ್ತದೆ. ಕೊನೆಗೆ ಕೈಹಿಡಿದದ್ದು ಎರಡು ಸಾಮಾನು.

ಒಂದು, ಮಾವನ ಕೀಪ್ಯಾಡ್ ಫೋನಿನ ಇನ್‌ಬಾಕ್ಸ್. ಮೆಸೇಜ್ ಅಳಿಸುವ ಅಭ್ಯಾಸ ಅವರಿಗಿಲ್ಲ, ಅಳಿಸುವುದು ಹೇಗೆಂದು ಗೊತ್ತೂ ಇಲ್ಲ. ಕರ್ನಾಟಕಕ್ಕೆ ಸ್ವಾಗತ ಎಂಬ ಕಂಪನಿಯ ಮೆಸೇಜುಗಳು ಜೂನ್‌ನಿಂದ ಸಾಲಾಗಿ ಕೂತಿದ್ದವು. ಎಲ್ಲರೂ ಮನೆಯೊಳಗೆ ಬೀಗ ಹಾಕಿಕೊಂಡಿದ್ದ ದಿನಗಳದ್ದೂ ಇದ್ದವು, ರಾತ್ರಿ ಎರಡು ಗಂಟೆಯದ್ದೂ ಇತ್ತು.

ಇನ್ನೊಂದು, ಹಾಲಿನ ಸೊಸೈಟಿಯ ಚೀಟಿಗಳು. ಅಂಗೈ ಅಗಲದ ತೆಳು ಕಾಗದ: ದಿನಾಂಕ, ಬೆಳಗಿನ ಪಾಳಿಯೋ ಸಂಜೆಯದೋ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ದರ ಎಷ್ಟು, ಅಡಿಯಲ್ಲಿ ಮೆಷಿನ್ನಿನ ಸಮಯ. ಅತ್ತೆ ಅವನ್ನು ಬಿಸ್ಕೆಟ್ ಡಬ್ಬದಲ್ಲಿ ತುಂಬಿಸಿಡುತ್ತಾರೆ, ತಿಂಗಳ ಕೊನೆಗೆ ದುಡ್ಡು ತಾಳೆ ನೋಡಲಿಕ್ಕೆ. ಪೊಲೀಸರ ಶೀಟಿನಲ್ಲಿ ಆಗಸ್ಟ್ 7ರ ಬೆಳಗ್ಗೆ 6:52ಕ್ಕೆ ಮಾವ ಕರ್ನಾಟಕದಲ್ಲಿದ್ದರು. ಡಬ್ಬದ ಚೀಟಿಯಲ್ಲಿ ಅದೇ ದಿನ 6:58ಕ್ಕೆ ಕೇರಳದ ಸೊಸೈಟಿಯಲ್ಲಿ 5.4 ಲೀಟರ್ ಹಾಲು ಅಳೆದಿದ್ದರು, ಫ್ಯಾಟ್ 4.1. ಅದನ್ನು ಕೈಯಲ್ಲಿ ಹಿಡಿದು ಅತ್ತೆ, "ಹಾಲು ಕೊಡ್ಲಿಕ್ಕೆ ಬಿಟ್ರೆ ಇವರು ಎಲ್ಲಿಗೆ ಹೋಗ್ಲಿಕ್ಕುಂಟು? ಹೋಗಿ ಅಂದ್ರೂ ಹೋಗುದಿಲ್ಲ" ಎಂದರು. ವಕೀಲನಾಗಿ ನಾನು ಬರೆದ ಎರಡು ಪುಟದ ವಿವರಣೆಗಿಂತ ಅದೇ ಚೆನ್ನಾಗಿತ್ತು.

ವಿವರಣೆ, ಮೆಸೇಜುಗಳ ಫೋಟೋ, ಚೀಟಿಯ ನಕಲು ಎಲ್ಲವನ್ನೂ ಆಗಸ್ಟ್ 20ರಂದು ಸ್ಟೇಷನ್ನಿಗೆ ಕೊಟ್ಟೆ. ಮುಂದಿನ ವಾರ ರೈಟರ್ ಫೋನ್ ಮಾಡಿದರು. "ಅದ್ ಪೋಟ್ಟೆ ವಕ್ಕೀಲೇ." ಅದು ಹೋಗಲಿ ಬಿಡಿ ವಕೀಲರೇ, ಎಂದು. ಅಲ್ಲಿಗೆ ಮುಗಿಯಿತು. ಎಫ್‌ಐಆರ್ ಇರಲಿಲ್ಲ, ಆದ್ದರಿಂದ ಮುಚ್ಚಿದ ವರದಿಯೂ ಇಲ್ಲ. ಮಾವ ಸುಳ್ಳು ಹೇಳಿರಲಿಲ್ಲ ಎಂದು ಸರಕಾರದ ಯಾವ ಕಾಗದವೂ ಇವತ್ತಿನವರೆಗೆ ಹೇಳಿಲ್ಲ.

ಯಾವ ಕಾಗದದ ಮೇಲೆ?

ನನ್ನನ್ನು ಕೊರೆದ ಪ್ರಶ್ನೆ ಬೇರೆ. ಆ ಶೀಟು ಪೊಲೀಸರಿಗೆ ಬಂದದ್ದು ಯಾವ ಅಧಿಕಾರದಿಂದ?

ಫೋನಿನಲ್ಲಿ ಆಡಿದ ಮಾತನ್ನು ಕದ್ದು ಕೇಳುವುದಕ್ಕೆ ನಮ್ಮಲ್ಲಿ ಒಂದು ಬೇಲಿ ಇದೆ. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮು ಅದಕ್ಕೆ ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಇರಬೇಕು ಎನ್ನುತ್ತಿತ್ತು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯ ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಗೃಹ ಕಾರ್ಯದರ್ಶಿಯ ಆದೇಶ ಬೇಕು, ಎರಡು ತಿಂಗಳಿಗೊಮ್ಮೆ ನವೀಕರಿಸಬೇಕು, ಒಟ್ಟು ಆರು ತಿಂಗಳು ಮೀರಬಾರದು, ಪರಿಶೀಲನಾ ಸಮಿತಿ ನೋಡಬೇಕು ಎಂದಿತು. ಫೋನ್ ಕದ್ದಾಲಿಕೆ ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು 1988ರ ಆಗಸ್ಟ್. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದೇ ಆ ವಿವಾದದಲ್ಲಿ. ಒಂದು ಸರಕಾರದ ತಲೆ ಉರುಳಿಸುವಷ್ಟು ತೂಕ ಆ ಶಬ್ದಕ್ಕಿದೆ.

ಆದರೆ ಮಾತಿಗೆ ಇರುವ ಬೇಲಿ ಮಾತಿನ ಲೆಕ್ಕಕ್ಕೆ ಇಲ್ಲ. ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಟವರಿನಡಿ ನಿಂತು ಎಂಬ ಕರೆ ವಿವರ, ಸ್ಟೇಷನ್ ಭಾಷೆಯಲ್ಲಿ ಸಿಡಿಆರ್, ದಸ್ತಾವೇಜು ತರಿಸಿಕೊಳ್ಳುವ ಮಾಮೂಲು ಕಲಮಿನಡಿ ಬರುತ್ತದೆ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆ, ಎಂದರೆ ಸಿಆರ್‌ಪಿಸಿ 91, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 94. ಎಸ್‌ಪಿ ದರ್ಜೆಯ ಅಧಿಕಾರಿಯ ಮೂಲಕ ಕಂಪನಿಗೆ ಬೇಡಿಕೆ ಹೋದರೆ ಸಾಕು. ನ್ಯಾಯಾಧೀಶರೂ ಇಲ್ಲ, ಗೃಹ ಕಾರ್ಯದರ್ಶಿಯೂ ಇಲ್ಲ. ಒಬ್ಬ ಮನುಷ್ಯ ದಿನವಿಡೀ ಏನು ಮಾತಾಡಿದ ಎಂಬುದಕ್ಕಿಂತ ಎಲ್ಲೆಲ್ಲಿ ನಿಂತ, ಯಾರಿಗೆ ಫೋನ್ ಮಾಡಿದ ಎಂಬುದೇ ಅವನ ಬದುಕನ್ನು ಹೆಚ್ಚು ಬಿಚ್ಚಿಡುತ್ತದೆ ಎಂದು ನನ್ನ ಅನಿಸಿಕೆ. ಡೈವೋರ್ಸ್ ಕೇಸು ನಡೆಸಿದ ಯಾವ ವಕೀಲನನ್ನು ಬೇಕಾದರೂ ಕೇಳಿ. ಕಾನೂನು ಅದನ್ನು ಉಲ್ಟಾ ತೂಗುತ್ತದೆ.

ಅದೂ ಮಾಮೂಲು ಕಲಮು ತನಿಖೆ, ವಿಚಾರಣೆ ಇದ್ದಾಗಿನ ಮಾತು. ಮಾವನ ಮೇಲೆ ಕೇಸೇ ಇರಲಿಲ್ಲ. ಜ್ವರ ಇತ್ತು. ಇಲ್ಲಿ ಕೇರಳದ ಆ ತಿಂಗಳ ಗದ್ದಲಕ್ಕೆ ಬರಬೇಕು. ರೋಗಿಗಳ ಸಂಪರ್ಕ ಪತ್ತೆಯ ಕೆಲಸವನ್ನು ಪೊಲೀಸರಿಗೂ ವಹಿಸಿದ ಮೇಲೆ, ಪಾಸಿಟಿವ್ ಆದವರ ಕರೆ ವಿವರ ತರಿಸಿಕೊಳ್ಳಿ ಎಂಬ ಸುತ್ತೋಲೆ ಆಗಸ್ಟ್ 11ಕ್ಕೆ ಪೊಲೀಸ್ ಇಲಾಖೆಯಿಂದ ಹೊರಟಿತ್ತು. ಪ್ರತಿಪಕ್ಷ ನಾಯಕರಾಗಿದ್ದ ರಮೇಶ್ ಚೆನ್ನಿತ್ತಲ ಹೈಕೋರ್ಟಿಗೆ ಹೋದರು. ಸರಕಾರ ತನಗೆ ಕರೆಗಳ ವಿವರ ಬೇಡ, ಟವರ್ ಲೊಕೇಶನ್ ಅಷ್ಟೇ ಸಾಕು ಎಂದಿತು. ಆ ಮಾತನ್ನು ಒಪ್ಪಿಕೊಂಡು ಕೋರ್ಟು ಆ ತಿಂಗಳಲ್ಲೇ ಅರ್ಜಿ ಮುಗಿಸಿತು. ಟವರ್ ಲೊಕೇಶನ್ ಅಷ್ಟೇ! ನಾನು ಆ ಸುದ್ದಿ ಓದಿದ್ದು ಸ್ಟೇಷನ್ನಿಗೆ ವಿವರಣೆ ಕೊಟ್ಟು ಬಂದ ಮೇಲೆ. ಮಾವನನ್ನು ಸಿಕ್ಕಿಸಿದ್ದು ಆ "ಅಷ್ಟೇ" ಎಂಬುದೇ.

ಕೇರಳವೊಂದನ್ನೇ ಬೈಯುತ್ತಿದ್ದೇನೆಂದು ತಿಳಿಯಬೇಡಿ. ಎದುರು ಗುಡ್ಡದಾಚೆ ಕರ್ನಾಟಕದಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರು ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರಕಾರದ ಆ್ಯಪಿಗೆ ಕಳಿಸಬೇಕಿತ್ತು. ಅಂಥವರ ವಿಳಾಸಗಳ ಪಟ್ಟಿಯನ್ನು ಅಲ್ಲಿನ ಸರಕಾರ ಮಾರ್ಚ್‌ನಲ್ಲಿ ತಾನೇ ಪ್ರಕಟಿಸಿತ್ತು. ಮಾವನ ಫೋನು ನಿಜವಾಗಿ ಕರ್ನಾಟಕದ್ದೇ ಆಗಿದ್ದರೂ ಸುಖವೇನಿರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ಕ್ಕೆ. ಆ ತೀರ್ಪು ನಮ್ಮವರೇ ಒಬ್ಬರ ಹೆಸರಲ್ಲಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. 1954ರ ಎಂ.ಪಿ. ಶರ್ಮ ಮತ್ತು 1962ರ ಖರಕ್ ಸಿಂಗ್ ತೀರ್ಪುಗಳಲ್ಲಿ ಸಂವಿಧಾನದಲ್ಲಿ ಅಂಥ ಹಕ್ಕೇ ಇಲ್ಲ ಎಂದಿದ್ದ ಮಾತನ್ನು ಈ ತೀರ್ಪು ತೊಡೆದುಹಾಕಿತು. ಸರಕಾರ ಒಬ್ಬನ ಖಾಸಗಿತನದೊಳಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ತಕ್ಕ ಉದ್ದೇಶ ಇರಬೇಕು, ಹಾಕಿದ ಕೈ ಆ ಉದ್ದೇಶಕ್ಕೆ ಬೇಕಾದಷ್ಟೇ ಇರಬೇಕು. ಮಾವನ ಪ್ರಕರಣವನ್ನು ಈ ಅಳತೆಗಿಟ್ಟರೆ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ರೋಗ ತಡೆಯಬೇಕಿತ್ತು. ಸಿಕ್ಕಿಕೊಳ್ಳುವುದು ಮೊದಲನೆಯದರಲ್ಲಿ. ಸುತ್ತೋಲೆ ಎಂಬುದು ಕಾನೂನಲ್ಲ. ಮೂರನೆಯದರಲ್ಲೂ ಸಿಕ್ಕಿಕೊಳ್ಳುತ್ತದೆ: ಮೂರು ಮೈಲಿ ಆಚೀಚೆ ತಪ್ಪುವ ಲೆಕ್ಕದಿಂದ, ಆರು ಅಡಿ ದೂರದಲ್ಲಿ ಹರಡುವ ರೋಗದ ಸಂಪರ್ಕ ಪತ್ತೆಯಾಗುವುದು ಹೇಗೆ?

ಪಟ್ಟಿ

ಇಷ್ಟೇ ಆಗಿದ್ದರೆ ಮಾವ ನಕ್ಕು ಮರೆಯುತ್ತಿದ್ದರು. ಆಗಸ್ಟ್ 16ರ ರಾತ್ರಿಯೇ, ಸ್ಟೇಷನ್ನಿನ ಫೋನ್ ಬರುವ ಮೊದಲೇ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಿಡಿಎಫ್ ಓಡಾಡುತ್ತಿತ್ತು. ಪಾಸಿಟಿವ್ ಆದವರ ಹೆಸರು, ಪ್ರಾಯ, ಮನೆ ಹೆಸರು, ವಾರ್ಡ್, ಫೋನ್ ನಂಬರ್. ಯಾವ ಕಚೇರಿಯಿಂದ ಹೊರಬಿತ್ತೋ ಗೊತ್ತಾಗಲಿಲ್ಲ, ಅಂಥ ಪಟ್ಟಿ ಹತ್ತು ಕಡೆ ಹೋಗುತ್ತಿತ್ತು. ಮಾವನಿಗೆ ಇನ್ಶೂರೆನ್ಸ್‌ನವನ ಫೋನ್ ಬಂತು, ರೋಗನಿರೋಧಕ ಕಷಾಯ ಮಾರುವವನದ್ದು ಬಂತು. ಸೊಸೈಟಿಯವರು ಒಂದು ತಿಂಗಳು ಹಾಲು ತರಬೇಡಿ ಎಂದರು. ಅದು ಅವರ ಭಯ, ದೂರುವಂತಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು ತೋಟಕ್ಕೆ. ಎರಡನೇ ಸಲದ ಮದ್ದು ಬಿಡುವುದು ಮಳೆಯಿಂದಾಗಿ ಮೊದಲೇ ತಡವಾಗಿತ್ತು. ಮೈಲುತುತ್ತು, ಸುಣ್ಣ ತಂದಿಟ್ಟಾಗಿತ್ತು. ಮದ್ದು ಬಿಡುವ ಆಳು ಪಟ್ಟಿ ನೋಡಿ ಆ ಮನೆಯ ಗೇಟಿನ ಹತ್ತಿರವೂ ಬರುವುದಿಲ್ಲ ಎಂದ. ಅವನು ಬರುವ ಹೊತ್ತಿಗೆ ಕೆಳಗಿನ ತೋಟಕ್ಕೆ ಕೊಳೆರೋಗ ಹಿಡಿದು ಕಾಯಿ ಉದುರಿ ಬುಡದಲ್ಲಿ ಬಿಳಿ ಬೂಸ್ಟು ಕಟ್ಟಿತ್ತು.

ಈ ನಷ್ಟ ಯಾರು ತುಂಬಬೇಕು? ಐಟಿ ಕಾಯ್ದೆ 43ಎ ಕಲಮು ಆಗ ಜೀವಂತವಿತ್ತು. ಸೂಕ್ಷ್ಮ ಮಾಹಿತಿಯನ್ನು ಅಜಾಗರೂಕತೆಯಿಂದ ಸೋರಿಸಿದರೆ ಪರಿಹಾರ ಕೊಡಬೇಕು ಎನ್ನುತ್ತದೆ. ಯಾರು? ಕಂಪನಿ, ಪಾಲುದಾರಿಕೆ ಸಂಸ್ಥೆ, ವ್ಯಾಪಾರ ಮಾಡುವವರು. ಸರಕಾರಿ ಕಚೇರಿ ಅದರೊಳಗೆ ಬರುವುದಿಲ್ಲ. ಕೊರೊನಾ ಮಾಹಿತಿಯ ನಿರ್ವಹಣೆಯನ್ನು ಸರಕಾರ ಸ್ಪ್ರಿಂಕ್ಲರ್ ಎಂಬ ಕಂಪನಿಗೆ ವಹಿಸಿದ ವಿವಾದದಲ್ಲಿ ಏಪ್ರಿಲ್‌ನಲ್ಲೇ ಕೇರಳ ಹೈಕೋರ್ಟು ಒಳ್ಳೆಯ ಮಧ್ಯಂತರ ಆದೇಶ ಕೊಟ್ಟಿತ್ತು: ರೋಗಿಗಳ ಮಾಹಿತಿಯನ್ನು ಆ ಅಮೆರಿಕನ್ ಕಂಪನಿ ನೋಡುವ ಮೊದಲು ಹೆಸರು, ಗುರುತು ತೆಗೆದುಹಾಕಬೇಕು, ಮೂರನೆಯವರ ಕೈಗೆ ಹೋಗಬಹುದೆಂದು ಜನರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು. ಒಪ್ಪಿಗೆಯ ಕಾಗದಕ್ಕೆ ಮಾವನೂ ಪರೀಕ್ಷೆಯ ದಿನ ಸಹಿ ಹಾಕಿದ್ದರು. ಕನ್ನಡ ಸಹಿ. ಮೇಲಿದ್ದ ಒಕ್ಕಣೆ ಮಲಯಾಳ. ಅದರಲ್ಲಿ ಏನು ಬರೆದಿತ್ತು ಎಂದು ಕೇಳಿದೆ. "ಮೂಗಿಗೆ ಕಡ್ಡಿ ಹಾಕ್ತಾರೆ ಅಂತ ಇದ್ದಿರ್ಬೇಕು" ಎಂದರು.

ಹೈಕೋರ್ಟಿನಲ್ಲಿ ರಿಟ್ ಹಾಕೋಣ, ಮೂಲಭೂತ ಹಕ್ಕಿಗೆ ಧಕ್ಕೆಯಾದಾಗ ಸರಕಾರದಿಂದ ಪರಿಹಾರ ಕೊಡಿಸಿದ ಸುಪ್ರೀಂ ಕೋರ್ಟ್ ತೀರ್ಪುಗಳಿವೆ, 1983ರ ರುದುಲ್ ಸಾಹ್, 1993ರ ನೀಲಾಬತಿ ಬೆಹೆರಾ ಎಂದೆಲ್ಲ ಹುರುಪಿನಿಂದ ಹೇಳಿದೆ. ಮಾವ ಎಲೆ ಮಡಚಿ ಬಾಯಿಗಿಟ್ಟುಕೊಂಡು ಪೂರ್ತಿ ಕೇಳಿದರು. ಆಮೇಲೆ, "ನಿನ್ನ ಭಾವ ಗಲ್ಫಿಗೆ ಹೋಗ್ಲಿಕ್ಕುಂಟು. ಪಾಸ್‌ಪೋರ್ಟ್ ವೆರಿಫಿಕೇಶನಿಗೆ ಬರುದು ಅದೇ ಸ್ಟೇಷನ್ನಿನವರು" ಎಂದರು. ಅಲ್ಲಿಗೆ ರಿಟ್ ಮುಗಿಯಿತು. ಖಾಸಗಿತನದ ಬಗ್ಗೆ ಬರೆಯುವವರು ಈ ಲೆಕ್ಕಾಚಾರವನ್ನು ಬರೆಯುವುದೇ ಇಲ್ಲ.

ಆರ್‌ಟಿಐ ಹಾಕಲು ಮಾತ್ರ ಒಪ್ಪಿದರು, ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪಿನದ್ದಲ್ಲವಾ ಎಂದು. ಕನ್ನಡದಲ್ಲೇ ಬರೆದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೇ ಇದೆ. ಮೂರು ಪ್ರಶ್ನೆ: ಯಾವ ಆದೇಶದ ಮೇಲೆ ಲೊಕೇಶನ್ ತರಿಸಿದಿರಿ, ಆ ಶೀಟಿನ ಪ್ರತಿ ಕೊಡಿ, ಯಾರು ಯಾರಿಗೆ ಕಳಿಸಿದ್ದೀರಿ. 29ನೇ ದಿನ ಉತ್ತರ ಬಂತು, ಮಲಯಾಳದಲ್ಲಿ. ಒಂದನೆಯದಕ್ಕೆ, ಮೇಲಧಿಕಾರಿಗಳ ಸೂಚನೆಯಂತೆ. ಎರಡನೆಯದಕ್ಕೆ, ಈ ಕಚೇರಿಯಲ್ಲಿ ಲಭ್ಯವಿಲ್ಲ. ಮೂರನೆಯದಕ್ಕೆ, ಪ್ರಶ್ನೆ ಸ್ಪಷ್ಟವಿಲ್ಲ. ನಾನು ಮಾವನಿಗೆ ಓದಿ ಕನ್ನಡದಲ್ಲಿ ಹೇಳಿದೆ. "ಪ್ರಶ್ನೆ ಸ್ಪಷ್ಟ ಉಂಟು, ಉತ್ತರಕ್ಕೆ ಮೋಡ ಹಿಡಿದದ್ದು" ಎಂದರು. ಮೇಲ್ಮನವಿ ಬೇಡವೆಂದರು.

ಎರಡನೇ ಉತ್ತರ ಸುಳ್ಳಿರಲಿಕ್ಕಿಲ್ಲ. ಶೀಟು ಇದ್ದದ್ದು ರೈಟರ ಸ್ವಂತ ಮೊಬೈಲಿನಲ್ಲಿ, ಫೋಟೋ ಆಗಿ. ಕಚೇರಿಯಲ್ಲಿ ನಿಜವಾಗಿಯೂ ಇರಲಿಲ್ಲ.

ಹೊಸ ಕಾನೂನು ಬಂದ ಮೇಲೆ

ಈಗ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಬಂದಿದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮಾವನಂಥವರಿಗೆ ಇದರಲ್ಲಿ ಏನು ಸಿಗುತ್ತದೆ ಎಂದು ಹುಡುಕಿದೆ. ಒಂದು ಒಳ್ಳೆಯದು ಸಿಕ್ಕಿತು: ಒಪ್ಪಿಗೆ ಕೇಳುವ ನೋಟೀಸನ್ನು ಇಂಗ್ಲಿಷಿನಲ್ಲೋ, ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲೋ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿದೆ. ವರ್ಕಾಡಿಯ ಮಜೀರ್ಪಳ್ಳದಲ್ಲಿ ಕೂತವನೂ ಕೇಳಬಹುದು.

ಉಳಿದದ್ದು ನಿರಾಸೆ. ಸಾಂಕ್ರಾಮಿಕದ ಹೊತ್ತಿನಲ್ಲಿ ಚಿಕಿತ್ಸೆ, ಆರೋಗ್ಯ ಸೇವೆಗಾಗಿ ಮಾಹಿತಿ ಬಳಸಲು ಒಪ್ಪಿಗೆಯೇ ಬೇಕಿಲ್ಲ ಎನ್ನುತ್ತದೆ 7ನೇ ಕಲಮು. ಅಪರಾಧ ತಡೆ, ಪತ್ತೆ, ತನಿಖೆ ಎಂದರೆ 17(1)ರಲ್ಲಿ ವಿನಾಯಿತಿ. ಸಾರ್ವಜನಿಕ ವ್ಯವಸ್ಥೆ, ದೇಶದ ಭದ್ರತೆಯ ಕಾರಣಕ್ಕೆ ಕೇಂದ್ರ ಸರಕಾರ ಹೆಸರಿಸಿದ ಸರಕಾರಿ ಸಂಸ್ಥೆಗೆ 17(2)ರಲ್ಲಿ ಪೂರ್ತಿ ವಿನಾಯಿತಿ. ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ, ಆದರೆ ಆ ದುಡ್ಡು ಹೋಗುವುದು ಭಾರತದ ಸಂಚಿತ ನಿಧಿಗೆ. ಯಾರ ಮಾಹಿತಿ ಸೋರಿತೋ ಅವನಿಗೆ ಬಿಡಿಕಾಸೂ ಇಲ್ಲ. ಪರಿಹಾರ ಕೊಡುತ್ತಿದ್ದ ಹಳೆಯ 43ಎ ಕಲಮನ್ನು ತೆಗೆದುಹಾಕಲೂ ಇದೇ ಕಾಯ್ದೆಯಲ್ಲಿ ಬರೆದಿದ್ದಾರೆ. ಮಾಹಿತಿಯ ಒಡೆಯನಾದ ನಾಗರಿಕನಿಗೂ ಕರ್ತವ್ಯಗಳ ಪಟ್ಟಿ ಇದೆ. ಹುರುಳಿಲ್ಲದ ದೂರು ಕೊಟ್ಟರೆ ಅವನಿಗೆ 10,000 ರೂಪಾಯಿವರೆಗೆ ದಂಡ. ಸುಗ್ರೀವಾಜ್ಞೆಯ ದಂಡವೂ ಅಷ್ಟೇ ಇತ್ತು ಎಂದು ಮಾವನಿಗೆ ಥಟ್ಟನೆ ಹೊಳೆಯಿತು, ನನಗೆ ಹೊಳೆದಿರಲಿಲ್ಲ.

ಕಂಪನಿಗಳು ಕರೆ ವಿವರವನ್ನು ಇಟ್ಟುಕೊಳ್ಳಬೇಕಾದ ಅವಧಿ ಆಗ ಕನಿಷ್ಠ ಒಂದು ವರ್ಷವಿತ್ತು, 2021ರ ಡಿಸೆಂಬರ್‌ನಲ್ಲಿ ಅದನ್ನು ಎರಡು ವರ್ಷಕ್ಕೇರಿಸಿದರು. ಹೆಚ್ಚು ಕಾಲ ಇಟ್ಟರೆ ನಿಗಾ ಹೆಚ್ಚು ಎಂಬ ಆಕ್ಷೇಪ ನನ್ನದೂ ಹೌದು. ಆದರೆ ಮಾವನ ಕೇಸಿನಲ್ಲಿ ಅವರನ್ನು ಬಿಡಿಸಲು ದಾರಿ ತೋರಿಸಿದ್ದೂ ಆ ಶೀಟಿನ ಮೇಲಿನ ಸಾಲು, ಕೆಳಗಿನ ಸಾಲೇ. ದಾಖಲೆ ಇರಬಾರದು ಎಂದು ಹೇಳಲು ಹೋದಾಗೆಲ್ಲ ನನ್ನ ಬಾಯಿ ಅಲ್ಲಿ ತಡೆಯುತ್ತದೆ. ಇದ್ದರೆ ಪೂರ್ತಿ ಶೀಟು ನಮಗೂ ಸಿಗಬೇಕು, ಯಾರು ತರಿಸಿಕೊಂಡರು ಎಂಬ ಸಾಲು ಅದರಲ್ಲಿ ಸೇರಿರಬೇಕು.

ಕಳೆದ ಮಳೆಗಾಲದಲ್ಲಿ ಅವರ ಮನೆಗೆ ಹೋಗಿದ್ದೆ. ರಾತ್ರಿ ಊಟಕ್ಕೆ ಕೂತಾಗ ಕರೆಂಟ್ ಹೋಯಿತು. ಅತ್ತೆ ಚಿಮಿಣಿ ತರುವಷ್ಟರಲ್ಲಿ ಮಾವನ ಫೋನು ಟಿಂಗ್ ಎಂದಿತು. ಅವರು ಎಡಗೈಯಲ್ಲಿ ಫೋನ್ ಹಿಡಿದು, ಅದರ ಬೆಳಕಿನಲ್ಲೇ ಎದ್ದು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋದರು. ಆ ಕ್ಯಾಲೆಂಡರಿನಲ್ಲಿ ದನಕ್ಕೆ ಇಂಜೆಕ್ಷನ್ ಕೊಡಿಸಿದ ದಿನ, ತೋಟಕ್ಕೆ ಮದ್ದು ಬಿಟ್ಟ ದಿನ, ಗ್ಯಾಸ್ ಸಿಲಿಂಡರ್ ಬಂದ ದಿನ ಎಲ್ಲ ಇರುತ್ತದೆ. ದಾರಕ್ಕೆ ಕಟ್ಟಿದ್ದ ಪೆನ್ನಿನಿಂದ ಆ ದಿನದ ಚೌಕದೊಳಗೆ ಬರೆದರು: ಕ. 8:40. ನಾವು ಮಜ್ಜಿಗೆಗೆ ಬಂದಾಗ ಕರೆಂಟ್ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಂಗ್. ಎಂಜಲು ಕೈಯಲ್ಲೇ ಎದ್ದು ಹೋಗಿ ಅದರ ಕೆಳಗೆ ಬರೆದರು: ಕೇ. 9:05.